ಗಾಡಿಯ ಮೇಲೆ ಮೂವರು

ಚಾಂಪಿಯನ್ ರೀಫ್ಸ್
23-11-1958, ಭಾನುವಾರ

ನನ್ನ ಪ್ರೀತಿಯ ಮಂಗಕ್ಕನಿಗೆ,

ನಿನ್ನ ತಂಗಿ ಮುನಿನಾರಾಯಣಮ್ಮ ಮಾಡುವ ನಮಸ್ಕಾರ. ಭಾವನವರಿಗೂ ತಿಳಿಸು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ಈ ಮನೆಯಲ್ಲಿ ಎಲ್ಲರೂ ಎಂದರೆ ಯಾರು ಯಾರು ಎಂಬುದೇ ನಿನ್ನ ತಕರಾರಾಗಿರುವಾಗ ಆ ಸಾಲನ್ನು ಬರೆಯಲು ಕೈ ಬರುತ್ತಿಲ್ಲ.

ನಿನ್ನ ಕಾಗದ ಬಂತು. ಸಿಟ್ಟಿನಲ್ಲಿ ಬರೆದದ್ದೆಂದು ಬೇರೆ ಹೇಳಬೇಕಾಗಿಲ್ಲ, ಪೆನ್ನಿನ ಮುಳ್ಳು ಅಲ್ಲಲ್ಲಿ ಕಾಗದವನ್ನೇ ಹರಿದಿದೆ. ಟೇಕಲ್‌ನ ವೆಂಕಟೇಶಪ್ಪನವರು ಒಳ್ಳೆಯ ಮನಸ್ಸಿನಿಂದ ಉಡಿಕೆಗೆ ಒಪ್ಪಿದ್ದರು. ಗಂಡ ಸತ್ತವಳಿಗೆ ಸೀರೆ ಕೊಟ್ಟು ಮನೆ ತುಂಬಿಸಿಕೊಳ್ಳುತ್ತೇನೆ ಎನ್ನುವವರು ಬೀದಿಗೊಬ್ಬರು ಸಿಗುವುದಿಲ್ಲ, ಅದು ನನಗೂ ಗೊತ್ತು. ರೈಲ್ವೆ ಗ್ಯಾಂಗಿನ ಮೇಸ್ತ್ರಿ ಕೆಲಸಕ್ಕೆ ರಜೆ ಹಾಕಿ ನನ್ನನ್ನು ನೋಡಲು ಬಂದರು, ಮೆಟ್ಟಿಲು ಹತ್ತದೆ ಹಿಂದಕ್ಕೆ ಹೋದರು. ನೇರ ಬೂದಿಕೋಟೆಗೆ ಬಂದು ನಿನ್ನ ಮುಂದೆ, ‘ಆವಮ್ಮಂಗೆ ಗಂಡ ಅವ್ನೆ ಕಣಮ್ಮ. ಜಗ್ಲಿ ಮ್ಯಾಲೆ ಕುಂತ್ಕಂಡು ಮೋಟ್ರು ಸೈಕಲ್ ಒರುಸ್ತಾ ಅವ್ನೆ. ಗಂಡ ಇರೋ ಎಂಗಸ್ನ ನೋಡಾಕೆ ನನ್ನ ಯಾಕೆ ಕಳ್ಸಿದ್ರಿ?’ ಎಂದರಂತೆ.

ಯಾರವನು ಎಂದು ನೀನು ಕೇಳಿದ್ದೀಯೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು, ‘ಯಾವನನ್ನು ಮನೆಗೆ ಸೇರಿಸಿಕೊಂಡೆ’ ಎಂದು ಕೇಳಿದ್ದೀಯೆ. ನನಗೆ ತಲೆ ಬಾಚಿ ಬೆಳೆಸಿದವಳು ನೀನು, ನನ್ನ ನಡತೆ ನಿನಗೆ ಗೊತ್ತಿಲ್ಲವೇ? ಆ ಒಂದು ಸಾಲು ಓದಿ ತುಂಬಾ ಅತ್ತೆ. ಆಮೇಲೆ ನಿನ್ನ ಮೇಲೆ ಕೋಪ ಬಂತು. ಈಗ ಎರಡೂ ಇಳಿದಿವೆ.

ಕಾರ್ತಿಕ ಕಳೆಯುವುದರೊಳಗೆ ವೆಂಕಟೇಶಪ್ಪನವರಿಗೆ ಹೂಂ ಅಥವಾ ಊಹೂಂ ಹೇಳಬೇಕು, ಇದು ತಪ್ಪಿದರೆ ಇನ್ನೊಂದು ಸಂಬಂಧ ಬರುವುದಿಲ್ಲ, ಒಂಟಿಯಾಗಿ ಕೊಳೆಯುತ್ತೀಯೆ ಎಂದು ಬರೆದಿದ್ದೀಯೆ. ಹೇಳುತ್ತೇನೆ. ಅದಕ್ಕೆ ಮೊದಲು ಗಾಡಿಯ ಕಥೆ ಕೇಳಬೇಕು.

ಅದು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಬಿ.ಎಸ್.ಎ. ಮೋಟಾರ್ ಸೈಕಲ್ ಎಂದು ನಿನಗೆ ಗೊತ್ತು. ಕೈಯಿಂದ ಕೈಗೆ ದಾಟಿ ನಮ್ಮವರಿಗೆ ಸಿಕ್ಕಿತು. ಕೊಟ್ಟವನು ಊರು ಬಿಟ್ಟ, ಅವನಿಗೆ ಕೊಟ್ಟವನು ಲೋಕವನ್ನೇ ಬಿಟ್ಟ, ಕಾಗದಪತ್ರ ಯಾರ ಬಳಿಯೂ ಇರಲಿಲ್ಲ. ನಮ್ಮವರು ಅದರ ಹಸಿರು ಬಣ್ಣದ ಮೇಲೆ ಕಪ್ಪು ಬಳಿದು ಗಣಿಯ ರಸ್ತೆಗಳಲ್ಲೇ ಓಡಿಸಿಕೊಂಡಿದ್ದರು. ಅಲ್ಲಿ ಯಾರು ಕೇಳುತ್ತಾರೆ? ‘ಒಂದಿನ ಓಗಿ ನನ್ನ ಎಸ್ರಿಗೆ ಮಾಡಿಸ್ಕಂತೀನಿ’ ಎನ್ನುತ್ತಲೇ ಇದ್ದರು. ನನಗಿಂತ ಅದಕ್ಕೇ ಎಣ್ಣೆ ನೀರು ಜಾಸ್ತಿ ಎಂದು ನಾನು ರೇಗಿಸುತ್ತಿದ್ದೆ. ಎರಡು ವರ್ಷದ ಹಿಂದೆ ಗಣಿಯೊಳಗೆ ಬಂಡೆ ಸಿಡಿದು ಅವರಿದ್ದ ಜಾಗವೇ ಮುಚ್ಚಿಹೋಯಿತು. ಮೇಲೆ ನಮ್ಮ ಅಡುಗೆಮನೆಯ ತಟ್ಟೆಗಳು ಗಲಗಲ ಅಂದವು. ಗಣಿ ಕೆಲಸಗಾರರ ಈ ಲೈನಿನಲ್ಲಿ ಅದು ಎಲ್ಲರಿಗೂ ಅಭ್ಯಾಸ, ನಾನು ತಟ್ಟೆ ಸರಿಮಾಡಿಟ್ಟು ಸಾರಿಗೆ ಒಗ್ಗರಣೆ ಹಾಕಿದೆ. ದೇಹ ತೆಗೆಯಲಾಗದೆ ಆ ಸುರಂಗವನ್ನು ಹಾಗೆಯೇ ಕಟ್ಟಿಬಿಟ್ಟರು.

ದೇಹ ಸಿಗದವರನ್ನು ಅಲ್ಲೇ ಬಿಡಬಾರದು ಎಂಬುದು ನಮ್ಮ ಅತ್ತೆ ಮನೆಯ ಪದ್ಧತಿ. ಸತ್ತ ಜಾಗದಿಂದ ಒಂದು ಕಲ್ಲು ತೆಗೆದು, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಹೆಂಡತಿಯೇ ಗಂಡನ ಹೆಸರು ಹಿಡಿದು ಊರಿಗೆ ಬಾ ಎಂದು ಕರೆಯಬೇಕು. ಕಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು ಊರ ಕೆರೆಗೆ ತಂದು ಬಿಡಬೇಕು. ಅಷ್ಟಾದರೆ ಅವರಿಗೆ ಬಿಡುಗಡೆ, ನಮಗೂ ಬಿಡುಗಡೆ. ಆ ಮನೆಯ ಹಿರಿಯರಾದ ದೊಡ್ಡವೆಂಕಟಪ್ಪ ತಾತ ನನ್ನನ್ನು ಕೂರಿಸಿಕೊಂಡು ಹೇಳಿದ್ದರು, ‘ದಾರೀಲಿ ಯಾರೇ ಏನೇ ಕೇಳ್ಲಿ, ಉತ್ರ ಕೊಡ್ಬೇಡ ಕಣಮ್ಮ. ಉತ್ರ ಕೊಟ್ಟ ಕಡೆ ಅವ್ನು ಇಳ್ಕಂಬುಡ್ತಾನೆ.’ ನಾನು ಅದನ್ನು ಈ ಮಳೆಗಾಲ ಆ ಚಳಿಗಾಲ ಎಂದು ಮುಂದೂಡುತ್ತಲೇ ಇದ್ದೆ. ಉಡಿಕೆಯ ಮಾತು ಬಂದಾಗ, ಇದು ಮುಗಿಯದೆ ಅದು ಆಗದು ಎಂದು ನೀವೆಲ್ಲ ಹಿಡಿದು ಕೂತಿರಿ.

ಮೈದುನ ಸೊಣ್ಣಪ್ಪನಿಗೆ ಅವನದೇ ಚಿಂತೆ. ಬಂಗಾರಪೇಟೆ ಸ್ಟೇಷನ್ನಿನ ಪೋರ್ಟರ್ ಕೆಲಸಕ್ಕೆ ದಿನಾ ಊರಿಂದ ಹೋಗಿಬರಲು ಅಣ್ಣನ ಗಾಡಿ ಬೇಕಿತ್ತು. ಕಾಗದ ಇಲ್ಲದ ಗಾಡಿ ಎಂದು ಪೊಲೀಸರು ಹಿಡಿದು ಹಿಡಿದು ಬಿಡುತ್ತಿದ್ದರು. ಕಲ್ಲು ತರುವ ದಿನವೇ ಬಂಗಾರಪೇಟೆಯಲ್ಲಿ, ಗಾಡಿಗಳನ್ನು ನೋಡಿ ರಿಜಿಸ್ಟರ್ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ ಕ್ಯಾಂಪು ಇತ್ತು. ‘ಅತ್ಗೆಮ್ಮ, ಎಂಗೂ ಅದೇ ದಾರಿ. ಗಾಡಿ ತೋರ್ಸ್ಕಂಡು ಅಂಗೇ ಓಗಾನ. ನೀವು ಬಾಯಿ ಬುಡ್ಬೇಡಿ, ಮಾತೆಲ್ಲ ನಂದು’ ಎಂದ. ಸ್ವಾಮಿಕಾರ್ಯದ ಜೊತೆ ಸ್ವಕಾರ್ಯ. ನಾನೂ ತಲೆಯಾಡಿಸಿದೆ.

ಸುರಂಗ ಮುಚ್ಚಿದ್ದರಿಂದ ಗಣಿಯ ಬಾಯಿಯ ಹತ್ತಿರವೇ ಕಲ್ಲು ತೆಗೆದುಕೊಂಡೆ. ಬದುಕಿದ್ದಾಗ ಒಂದು ದಿನವೂ ಅವರ ಹೆಸರು ಹೇಳಿದವಳಲ್ಲ ನಾನು. ಆ ದಿನ ‘ಆಂಜಿನಪ್ಪಾ, ಮನೆಗೆ ಹೋಗೋಣ ಬನ್ನಿ’ ಎಂದೆ. ಹೆಸರು ಹಿಡಿದು ಕರೆದು ಬನ್ನಿ ಎನ್ನುತ್ತಿದ್ದೇನಲ್ಲ ಎಂದು ನನಗೇ ನಗು ಬಂತು, ಅಳುವೂ ಬಂತು. ಗಂಟನ್ನು ಮಡಿಲಲ್ಲಿಟ್ಟು ಗಾಡಿಯ ಹಿಂದೆ ಕೂತೆ. ದಾರಿಯುದ್ದಕ್ಕೂ ಗಾಡಿ ಏರಿನಲ್ಲಿ ತಿಣುಕುತ್ತಿತ್ತು. ಇಬ್ಬರ ಭಾರಕ್ಕೆ ಹೀಗೆ ಮಾಡಲ್ಲವಲ್ಲ ಎಂದು ಸೊಣ್ಣಪ್ಪ ಗೊಣಗಿದ.

ಬಂಗಾರಪೇಟೆಯಲ್ಲಿ ಹುಣಸೆಮರದ ಕೆಳಗೆ ಮೇಜು ಹಾಕಿಕೊಂಡು ಇನ್‌ಸ್ಪೆಕ್ಟರು ಕೂತಿದ್ದರು. ಬೆವರು ಒರೆಸಿಕೊಳ್ಳುತ್ತಾ ಎಲ್ಲರ ಮೇಲೂ ಒಂದೇ ಸಮ ರೇಗುವ ಮನುಷ್ಯ, ಕೆಟ್ಟವರಲ್ಲ. ನಮ್ಮ ಗಾಡಿ ನಿಲ್ಲುತ್ತಲೇ ಸೊಣ್ಣಪ್ಪನ ಮೇಲೆ ಹರಿಹಾಯ್ದರು.

‘ಏನಯ್ಯಾ, ರಿಜಿಸ್ಟರ್ ಮಾಡಿಸೋಕೆ ಬರೋನು ಗಾಡಿ ಮೇಲೆ ಮೂರು ಜನ ಬರ್ತೀಯಲ್ಲ? ಇಬ್ಬರಿಗಿಂತ ಹೆಚ್ಚು ಕೂರಬಾರದು ಅಂತ ಅಷ್ಟೂ ಗೊತ್ತಿಲ್ವಾ?’

ನನ್ನ ಮಡಿಲಿನ ಗಂಟನ್ನು ಮಗು ಎಂದುಕೊಂಡರೇನೋ ಎಂದು ಸೊಣ್ಣಪ್ಪ ಹಲ್ಲು ಕಿರಿದ. ನನಗೆ ನಗು ಬರಲಿಲ್ಲ ಅಕ್ಕ. ಅವರು ನೋಡುತ್ತಿದ್ದದ್ದು ನನ್ನ ಮಡಿಲನ್ನಲ್ಲ, ನನ್ನ ಹೆಗಲ ಹಿಂದಕ್ಕೆ.

ಎಂಜಿನ್ನಿನ ನಂಬರಿನ ಮೇಲೆ ತೆಳು ಕಾಗದ ಹಿಡಿದು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡರು. ಕಳವಿನ ಗಾಡಿಯಲ್ಲ ಎಂದು ಪೊಲೀಸರು ಕೊಟ್ಟ ಚೀಟಿ ನೋಡಿದರು. ಇಷ್ಟು ವರ್ಷ ಯಾರ ವಶದಲ್ಲಿತ್ತು ಎಂದರು. ನಮ್ಮಣ್ಣನ ವಶದಲ್ಲಿ ಎಂದ ಸೊಣ್ಣಪ್ಪ. ಹಾಗಾದರೆ ಹಳೆಯ ಕಾಗದ ಇಲ್ಲದ ಗಾಡಿಗೆ ಅಣ್ಣನೇ ಎದುರಿಗೆ ಬಂದು ಇದು ನನ್ನದು ಎಂದು ರುಜು ಹಾಕಬೇಕು, ನಿನ್ನ ಹೆಸರಿಗೆ ಆಗುವುದಿಲ್ಲ ಎಂದರು. ಸೊಣ್ಣಪ್ಪ ಅಣ್ಣ ತೀರಿಕೊಂಡ ಎನ್ನಲು ಬಾಯಿ ತೆರೆಯುತ್ತಿದ್ದ. ಅಷ್ಟರಲ್ಲಿ ಇನ್‌ಸ್ಪೆಕ್ಟರು ನನ್ನ ಹಿಂದಕ್ಕೆ ಕೈ ತೋರಿಸಿ, ‘ಇವರೇ ಏನು ಅಣ್ಣ? ಸುಮ್ಮನೆ ನಿಂತಿದ್ದೀರಲ್ಲ ಸ್ವಾಮಿ, ಮುಂದೆ ಬನ್ನಿ’ ಎಂದರು.

ನಾನು ತಿರುಗಿ ನೋಡಿದೆ. ಮರದ ನೆರಳು ಮಾತ್ರ ಇತ್ತು. ಸೊಣ್ಣಪ್ಪನೂ ನೋಡಿದ. ಯಾರನ್ನೋ ನೋಡಿ ಇವರು ತಪ್ಪು ತಿಳಿದಿದ್ದಾರೆ, ಕೆಲಸ ಆದರೆ ಸಾಕು ಎನ್ನುವ ಬುದ್ಧಿ ಅವನಿಗೆ. ‘ಊ ಸ್ವಾಮಿ, ಅವ್ರೇಯ’ ಎಂದುಬಿಟ್ಟ.

ಆಗ ಇನ್‌ಸ್ಪೆಕ್ಟರು ನನ್ನ ಬರಿಯ ಹಣೆ ನೋಡಿದರು. ಏನೋ ಅನುಮಾನ ಬಂದಿರಬೇಕು. ‘ಏನಮ್ಮಾ, ಇವರು ನಿಮ್ಮ ಯಜಮಾನರೇ ತಾನೇ?’ ಎಂದರು.

ಬಾಯಿ ಬಿಡಬಾರದೆಂದು ನನಗೆ ನೆನಪಿತ್ತು. ಆದರೆ ಎರಡು ವರ್ಷದಿಂದ ಎಲ್ಲರೂ ನನ್ನನ್ನು ಕೇಳಿದ್ದು ನಿನ್ನ ಗಂಡ ಹೇಗೆ ಸತ್ತ ಎಂದು. ಇವರು ನಿಮ್ಮ ಯಜಮಾನರೇ ಎಂದು ಯಾರೂ ಕೇಳಿರಲಿಲ್ಲ. ನಾನು ‘ಹೌದು’ ಎಂದೆ.

ಮಡಿಲು ಆ ಗಳಿಗೆಯಲ್ಲೇ ಹಗುರಾಯಿತು. ಇನ್‌ಸ್ಪೆಕ್ಟರು ಪೆನ್ನು ಚಾಚಿದರು. ನನಗೆ ಆ ಕಡೆ ನೋಡಲು ಧೈರ್ಯ ಬರದೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಕಣ್ಣು ತೆರೆದಾಗ ಕಾಗದದ ಮೇಲೆ ಶಾಯಿ ಇನ್ನೂ ಹಸಿಯಾಗಿತ್ತು. ತೆಲುಗಿನ ರುಜು, ಕೊನೆಯಲ್ಲಿ ಬಾಲ ಎಳೆದದ್ದು. ನಮ್ಮವರು ಮದ್ರಾಸು ಸೀಮೆಯ ತೆಲುಗು ಶಾಲೆಯಲ್ಲಿ ಓದಿದವರು, ರುಜು ಮಾತ್ರ ತೆಲುಗಿನಲ್ಲೇ ಹಾಕುತ್ತಿದ್ದರು.

ಆಮೇಲಿನದು ನೀನೇ ನೋಡಿದ್ದೀಯೆ. ಕೆರೆಯ ದಡದಲ್ಲಿ ತಾತ ಗಂಟು ಕೈಗೆ ತೆಗೆದುಕೊಳ್ಳುತ್ತಲೇ ಮುಖ ಸಣ್ಣದು ಮಾಡಿಕೊಂಡು, ‘ಇದು ಬರೀ ಕಲ್ಲು ಕಣಮ್ಮ. ಎಲ್ಲಾನ ಮಾತಾಡ್ದಾ?’ ಎಂದರು. ಇಲ್ಲ ಎಂದೆ. ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ, ನಿನ್ನ ಮುಖ ನೋಡಿಕೊಂಡೇ ‘ಇಲ್ಲ’ ಎಂದೆ. ಕಲ್ಲು ನೀರಿಗೆ ಬಿತ್ತು. ಸೊಣ್ಣಪ್ಪ ಪಂಚೆ ಎತ್ತಿಕಟ್ಟಿ ಸ್ನಾನಕ್ಕೆ ಇಳಿದ.

ಗಾಡಿಯ ಕಾಗದ ಅಂಚೆಯಲ್ಲಿ ಈ ಮನೆಗೇ ಬಂತು. ಮಾಲೀಕರು ಆಂಜಿನಪ್ಪ, ವಾಸ ಚಾಂಪಿಯನ್ ರೀಫ್ಸ್. ಎಲ್ಲ ಕ್ರಮವಾಗಿತ್ತು. ಸೊಣ್ಣಪ್ಪ ಕೆಲವು ದಿನ ಜಂಬದಿಂದ ಓಡಿಸಿದ. ಒಂದು ಬೆಳಿಗ್ಗೆ ಗಾಡಿಯನ್ನು ಇಲ್ಲಿಗೆ ತಂದು ನಿಲ್ಲಿಸಿ, ಕಾಫಿಯೂ ಕುಡಿಯದೆ ಹೊರಟ. ಏನಾಯಿತೆಂದು ಬಲವಂತ ಮಾಡಿದ ಮೇಲೆ ಹೇಳಿದ. ಸ್ಟೇಷನ್ನಿಗೆ ಹೊಸದಾಗಿ ಬಂದ ಮಾಸ್ತರರು ಅವನನ್ನು ಕರೆದು, ‘ದಿನಾ ನಿಮ್ಮಣ್ಣನೇ ತಂದು ಬಿಡ್ತಾರಲ್ಲ, ಪಾಪ, ಒಳಗೆ ಕರೆದು ಕೂರಿಸಬಾರದೇನಯ್ಯಾ? ಬಿಸಿಲಲ್ಲೇ ನಿಂತಿರ್ತಾರೆ’ ಎಂದರಂತೆ. ಗಾಡಿ ಓಡಿಸುತ್ತಿದ್ದವನು ತಾನು ಎಂದು ಸೊಣ್ಣಪ್ಪ ಆಣೆ ಮಾಡಿ ಹೇಳುತ್ತಾನೆ.

ಇಲ್ಲಿ ಪಕ್ಕದ ಮನೆಗೆ ಕುಪ್ಪಂ ಕಡೆಯಿಂದ ಹೊಸಬಳೊಬ್ಬಳು ಬಂದಿದ್ದಳು, ಮಾರಿಯಮ್ಮ ಅಂತ. ತಮಿಳು ತೆಲುಗು ಕನ್ನಡ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುತ್ತಾಳೆ, ಬಾಯಿಗೆ ಬಿಡುವಿಲ್ಲ. ಗಾಡಿ ಬಂದ ಮಾರನೆಯ ದಿನ ನಾನು ಶಿಶುವಿಹಾರದ ಆಯಾ ಕೆಲಸಕ್ಕೆ ಹೊರಟಿದ್ದೆ. ನನ್ನನ್ನು ತಡೆದು ನಿಲ್ಲಿಸಿ ಬಯ್ದಳು. ‘ಎನ್ನಮ್ಮಾ ಇದು, ಮನ್ಸ ಗುಂಡ್ಕಲ್ಲಂಗೆ ಜಗ್ಲಿ ಮೇಲೆ ಕುಂತವ್ರೆ, ನೀನು ಬರೀ ಅಣೇಲಿ ಓಗ್ತೀಯೇ? ಅವ್ರಿಗೆ ಒಳ್ಳೇದಾಗ್ತದಾ?’ ಎಂದವಳೇ ತನ್ನ ಕುಂಕುಮದ ಭರಣಿ ತಂದು ನನ್ನ ಹಣೆಗೆ ಇಟ್ಟುಬಿಟ್ಟಳು. ಒರೆಸಿಕೊಳ್ಳಬೇಕಿತ್ತು. ಕೆಲಸದ ಜಾಗದ ಹತ್ತಿರ ಬರುವವರೆಗೂ ಒರೆಸಿಕೊಳ್ಳಲಿಲ್ಲ.

ಅವಳಿಗೆ ದಿನಾ ಕಾಣುತ್ತಿದ್ದರು. ಇವತ್ತು ಚೈನಿಗೆ ಎಣ್ಣೆ ಹಾಕ್ತಿದ್ದರು, ಇವತ್ತು ಗಡ್ಡ ಮಾಡಿಸಿಕೊಂಡಿದ್ದರು, ನಿಮ್ಮವರು ಮಾತು ಕಮ್ಮಿ ಅಲ್ವಾ ಎಂದು ಬಂದು ಹೇಳುವಳು. ನಾನು ಓಡಿಹೋಗಿ ನೋಡಿದರೆ ಜಗಲಿ ಖಾಲಿ. ಎಷ್ಟು ಹೊಟ್ಟೆ ಉರಿದಿದೆ ಗೊತ್ತೇ? ತಾಳಿ ಕಟ್ಟಿಸಿಕೊಂಡವಳು ನಾನು, ದರ್ಶನ ಮಾರಿಯಮ್ಮನಿಗೆ. ಆಮೇಲೆ ನಲ್ಲಿಯ ಹತ್ತಿರ ಯಾರೋ ಅವಳಿಗೆ ಹೇಳಿದರು, ಆ ಮನೆಯವನು ಗಣಿಯಲ್ಲಿ ಸತ್ತು ಎರಡು ವರ್ಷವಾಯಿತು ಎಂದು. ಅವಳು ನೀರಿನ ಕೊಡ ಹೊತ್ತು ಬರುತ್ತಾ ನಮ್ಮ ಜಗಲಿ ನೋಡಿ ನಿಂತಳು, ಕಣ್ಣುಜ್ಜಿಕೊಂಡಳು. ಮತ್ತೆ ಅವಳಿಗೆ ಅವರು ಕಾಣಲಿಲ್ಲ. ಈಗ ನಮ್ಮ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸಿಕೊಂಡು ಓಡುತ್ತಾಳೆ.

ಆಗ ನನಗೆ ಅರ್ಥವಾಯಿತು. ಇವರೇ ಆ ಸತ್ತವರು ಎಂದು ತಿಳಿದವರಿಗೆ ಅವರು ಕಾಣುವುದಿಲ್ಲ. ತಿಳಿಯದವರಿಗೆ ಕಾಣುತ್ತಾರೆ. ವೆಂಕಟೇಶಪ್ಪನವರಿಗೆ ನನ್ನ ಗಂಡ ಸತ್ತ ಸುದ್ದಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಅವರು ಬಂದಾಗ ನಾನು ಒಳಗೆ ಉಪ್ಪಿಟ್ಟು ಕೆದಕುತ್ತಿದ್ದೆ. ‘ಮುನಿನಾರಾಯಣಮ್ಮನ ಮನೆ ಇದೇನಾ?’ ಎಂದು ಕೇಳಿದ್ದು ಕೇಳಿಸಿತು. ಆಮೇಲೆ ಮೌನ. ‘ಔದಾ. ತಾವು?’ ಎಂದರು. ಮತ್ತೆ ಮೌನ. ಆಮೇಲೆ ಚಪ್ಪಲಿಯ ಸದ್ದು ದೂರ ಹೋಯಿತು. ನಾನು ಸೌಟು ಹಿಡಿದು ಬಾಗಿಲಿಗೆ ಬಂದಾಗ ಗಾಡಿಯ ಟ್ಯಾಂಕು ಫಳಫಳ ಹೊಳೆಯುತ್ತಿತ್ತು, ಒರೆಸುವ ಬಟ್ಟೆ ಜಗಲಿಯ ಮೇಲಿತ್ತು. ಮುಟ್ಟಿ ನೋಡಿದೆ, ಒದ್ದೆಯಾಗಿತ್ತು. ಆ ಒಳ್ಳೆಯ ಮನುಷ್ಯನನ್ನು ಬೈಯಬೇಡ, ಅವರು ಕಂಡದ್ದನ್ನೇ ಹೇಳಿದ್ದಾರೆ.

ಸೊಣ್ಣಪ್ಪ ಒಂದು ಉಪಾಯ ತಂದ. ಕಾಗದದಲ್ಲಿ ಬದುಕಿರುವುದರಿಂದಲೇ ಅಣ್ಣನಿಗೆ ಹೋಗಲು ಆಗುತ್ತಿಲ್ಲ, ಮಾಲೀಕರು ಸತ್ತಿದ್ದಾರೆ ಎಂದು ಅದೇ ಇನ್‌ಸ್ಪೆಕ್ಟರ ಎದುರು ಹೇಳಿ ಕಾಗದ ಬದಲಾಯಿಸೋಣ, ತಾತನಿಗೆ ಹೇಳಿ ಮತ್ತೆ ಕಲ್ಲು ತರೋಣ ಎಂದ. ಎರಡು ವಾರದ ಹಿಂದೆ ಕ್ಯಾಂಪಿಗೆ ಬಸ್ಸಿನಲ್ಲಿ ಹೋದೆವು. ನಾನು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ವೆಂಕಟೇಶಪ್ಪನವರ ಮನೆಯಲ್ಲಿ ನನ್ನ ಬದುಕು ಹೇಗಿದ್ದೀತು ಎಂದು ಬಸ್ಸಿನಲ್ಲಿ ಯೋಚನೆಯನ್ನೂ ಮಾಡಿದೆ. ಇನ್‌ಸ್ಪೆಕ್ಟರು ಸೊಣ್ಣಪ್ಪನ ಮಾತು ಕೇಳಿ ಮೊದಲು ನಕ್ಕರು, ಆಮೇಲೆ ಕೆಂಪಾದರು.

‘ಎರಡು ವರ್ಷದ ಹಿಂದೆ ಸತ್ತವನು ನನ್ನ ಮುಂದೆ ರುಜು ಹಾಕಿದನೇ? ತಮಾಷೆಯೇನಯ್ಯಾ? ನೀನು ಸುಮ್ಮನಿರು. ಅಮ್ಮಾ, ನೀವು ಹೇಳಿ. ನಿಮ್ಮ ಯಜಮಾನರು ಇದ್ದಾರೋ ಇಲ್ಲವೋ? ಒಂದೇ ಮಾತು.’

ಇಲ್ಲ ಎಂದಿದ್ದರೆ ಈ ಕಾಗದದಲ್ಲಿ ನಿನಗೆ ಸಂತೋಷದ ಸುದ್ದಿ ಇರುತ್ತಿತ್ತು. ಆದರೆ ಇಲ್ಲ ಎಂದರೆ ಇನ್‌ಸ್ಪೆಕ್ಟರ ಕಣ್ಣಿಂದಲೂ ಅವರು ಹೋಗಿಬಿಡುತ್ತಾರೆ. ಆಮೇಲೆ ಸ್ಟೇಷನ್ ಮಾಸ್ತರರ ಕಣ್ಣಿಂದ. ಆಮೇಲೆ ಅವರನ್ನು ನೋಡುವವರು ಯಾರಿದ್ದಾರೆ? ನಾನು ‘ಇದ್ದಾರೆ’ ಎಂದೆ. ಸೊಣ್ಣಪ್ಪ ನನ್ನನ್ನು ನೋಡಿದ ನೋಟ ನೋಡಲಾಗಲಿಲ್ಲ. ನನ್ನನ್ನು ಅಲ್ಲೇ ಬಿಟ್ಟು ನಡೆದುಬಿಟ್ಟ. ಬಸ್ಸಿನಲ್ಲಿ ಒಬ್ಬಳೇ ಬಂದೆ.

ಆದ್ದರಿಂದ ವೆಂಕಟೇಶಪ್ಪನವರಿಗೆ ಊಹೂಂ ಎಂದು ತಿಳಿಸು. ಗಂಡ ಇರುವವಳು ಇನ್ನೊಬ್ಬರ ಸೀರೆ ಉಡುವುದು ಹೇಗೆ? ನನಗೆ ಹುಚ್ಚು ಹಿಡಿದಿದೆ ಎಂದು ನೀನು ಎದೆ ಬಡಿದುಕೊಳ್ಳುತ್ತೀಯೆ. ಹುಚ್ಚಲ್ಲ ಅಕ್ಕ, ಆಸೆ. ಊರಿಗೆಲ್ಲ ಕಾಣುವವರು ನನಗೊಬ್ಬಳಿಗೆ ಕಾಣಬಾರದೇ? ದಾರಿ ಒಂದೇ ಇದೆ. ಮಾರಿಯಮ್ಮ ಮೊದಲು ಹೇಗೆ ತಿಳಿಯದವಳಾಗಿದ್ದಳೋ ಹಾಗೆ ನಾನೂ ತಿಳಿಯದವಳಾಗಬೇಕು. ಗೋಡೆಯ ಮೇಲಿನ ಪಟದ ಹಾರ ತೆಗೆದಿದ್ದೇನೆ. ಬಳೆ ಹಾಕಿಕೊಂಡಿದ್ದೇನೆ. ಎರಡು ತಟ್ಟೆ ಇಡುತ್ತೇನೆ. ತಟ್ಟೆಗಳು ಗಲಗಲ ಅಂದ ದಿನ ನೆನಪಿಗೆ ಬರಲು ಹೊರಟರೆ ಎದ್ದು ಏನಾದರೂ ಕೆಲಸ ಮಾಡುತ್ತೇನೆ. ಮೊದಮೊದಲು ಕಷ್ಟವಾಗುತ್ತಿತ್ತು, ಈಗ ಅಷ್ಟಿಲ್ಲ. ನಿನ್ನೆ ಬೆಳಿಗ್ಗೆ ಜಗಲಿಯ ತುದಿಯಲ್ಲಿ ಒಂದು ಅಂಗಾಲು ಕಂಡೆ. ಹಿಮ್ಮಡಿಯ ಒಡಕಿನಲ್ಲಿ ಗಣಿಯ ಬೂದು ಮಣ್ಣು ಮೆತ್ತಿತ್ತು. ಭಯವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಕಣ್ಣು ಮುಚ್ಚಲಿಲ್ಲ.

ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ. ಸ್ವಲ್ಪ ದಿನ ಈ ಕಡೆ ಬರಬೇಡ, ನಿನಗೆ ಎಲ್ಲ ಗೊತ್ತು, ನಿನ್ನ ಮುಖ ನೋಡಿದರೆ ನನಗೂ ನೆನಪಾಗುತ್ತದೆ. ಮಕ್ಕಳಿಗೆ ಮುತ್ತು ಕೊಟ್ಟೆನೆಂದು ಹೇಳು.

ಎಂದೆಂದಿಗೂ ನಿನ್ನವಳೇ ಆದ ತಂಗಿ,
ಸೌ. ಮುನಿನಾರಾಯಣಮ್ಮ

ಮರೆತ ಮಾತು: ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸುವ ಮೊದಲು ಇನ್ನೊಮ್ಮೆ ಓದಿದೆ. ಅಕ್ಷರ ನನ್ನದೇ, ಆದರೆ ಏನೇನೋ ಬರೆದುಬಿಟ್ಟಿದ್ದೇನೆ. ಯಾರೋ ಗಣಿಯಲ್ಲಿ ಬಂಡೆ ಸಿಡಿದು ಸತ್ತರು, ಕಲ್ಲು ತಂದೆವು, ಉಡಿಕೆ ಎಂದೆಲ್ಲ ಇದೆ. ಸತ್ತವರು ಯಾರಕ್ಕ? ನಮ್ಮ ಪೈಕಿಯವರೇ? ಪಾಪ, ಆ ಹೆಂಗಸಿನ ಗತಿ ಏನಾಯಿತೋ, ಬರೆದು ತಿಳಿಸು. ಬೇರೆ ಕಾಗದ ಬರೆಯಲು ಹೊತ್ತಿಲ್ಲ, ಇದನ್ನೇ ಕಳಿಸುತ್ತಿದ್ದೇನೆ. ಪೆಟ್ಟಿಗೆಗೆ ನಾನೇ ಹಾಕಿ ಬರುತ್ತೇನೆ ಎಂದು ನಮ್ಮವರು ಹೊರಗೆ ಗಾಡಿ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದಾರೆ. ಮುಖ ತೊಳೆದುಕೊಂಡು ಹೋಗಿ ಎಂದರೆ ಕೇಳುವುದಿಲ್ಲ, ತಲೆಯ ತುಂಬ ಕಲ್ಲಿನ ಪುಡಿ. ಗಾಡಿ ಹತ್ತು, ನೀನೂ ಬಾ ಎಂದು ಕರೆಯುತ್ತಿದ್ದಾರೆ. ಹೋಗಿ ಬರುತ್ತೇನೆ.